177 ಸಿಸಿ ಎಲ್‌ಎಂಎಲ್‌ಗೆ ಯಾವ ಕಾರ್ಬೊರೇಟರ್? ಮೂರನ್ನೂ ಓಡಿಸಿ ನೋಡಿದ್ದು

ಅಪ್ಪನ 150 ಸಿಸಿ ಎಲ್‌ಎಂಎಲ್ ವೆಸ್ಪಾ ಎನ್‌ವಿ ಸ್ಕೂಟರಿಗೆ ಇಟಲಿಯ ಡಿಆರ್ 177 ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್) ಕೂರಿಸಿದ ದಿನ ಗ್ಯಾರೇಜಿನ ಭಾಯ್ ಹೇಳಿದ್ದರು: "ಸಾರ್, ಬೋರು ದೊಡ್ಡದು ಮಾಡೋದು ಒಂದು ದಿನದ ಕೆಲಸ. ಅದಕ್ಕೆ ಹೊಟ್ಟೆ ತುಂಬ ಊಟ ಹಾಕೋದು ಒಂದು ವರ್ಷದ್ದು." ಅವರ ಲೆಕ್ಕಕ್ಕಿಂತ ನಾಲ್ಕು ತಿಂಗಳು ಹೆಚ್ಚೇ ಹಿಡಿಯಿತು.

ಗಾಡಿಯ ಸ್ಥಿತಿ ಹೀಗಿತ್ತು. 57.8 ಮಿ.ಮೀ. ಬೋರು (ಸಿಲಿಂಡರಿನ ಅಗಲ) 63 ಆಗಿದೆ, ಸ್ಟ್ರೋಕ್ (ಪಿಸ್ಟನ್ನಿನ ಓಡಾಟ) ಅದೇ 57. ರೀಡ್ ವಾಲ್ವ್ (ಒಳಮುಖವಾಗಿ ಮಾತ್ರ ತೆರೆಯುವ ಪಟ್ಟಿಬಾಗಿಲು) ಬರುವ ಮುಂಚಿನ ಎಂಜಿನ್, ಅಂದರೆ ಕ್ರ್ಯಾಂಕ್‌ನ ಚಕ್ರವೇ ತಿರುಗುತ್ತ ಪೆಟ್ರೋಲಿನ ಬಾಗಿಲು ತೆರೆದು ಮುಚ್ಚುತ್ತದೆ. ಸೈಲೆನ್ಸರ್ ಹಳೆಯದೇ. ಪ್ಲಗ್ ಮಾತ್ರ ಎನ್‌ಜಿಕೆ ಬಿ8ಎಚ್‌ಎಸ್. ಈ ಗಾಡಿಗೆ ಮೂರು ಕಾರ್ಬೊರೇಟರ್ ಹಾಕಿ ನೋಡಿದೆ: ಅದರದೇ ಸ್ಪಾಕೊ ಎಸ್‌ಐ 20/20, ಅದೇ ಜಾತಿಯ ದೊಡ್ಡದು ಎಸ್‌ಐ 24/24, ಆಮೇಲೆ ಲೇತ್‌ನಲ್ಲಿ ಮಾಡಿಸಿದ ಮ್ಯಾನಿಫೋಲ್ಡ್ ಮೇಲೆ ಮಿಕುನಿ ವಿಎಂ 26.

ಶುರು ಮಾಡುವ ಮೊದಲು ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಬದಲಿಸಿ. ಮ್ಯಾಗ್ನೆಟ್ ಕಡೆಯ ಸೀಲ್ ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ ತಾನಾಗಿಯೇ ಏರಿಳಿಯುತ್ತದೆ, ಆಗ ಜೆಟ್ (ಪೆಟ್ರೋಲ್ ಅಥವಾ ಗಾಳಿ ಹಾಯುವ ಅಳತೆ ತೂತಿನ ಹಿತ್ತಾಳೆ ತುಂಡು) ಬದಲಿಸಿ ಏನೂ ಸಾಧಿಸಿದಂತಾಗುವುದಿಲ್ಲ. ನನ್ನ ಮೊದಲ ಒಂದು ತಿಂಗಳು ಹೋದದ್ದು ಹೀಗೇ.

20/20ರಲ್ಲಿ ಒಂದರ ಮೇಲೊಂದು ಕೂತ ಮೂರು ಹಿತ್ತಾಳೆ ತುಂಡುಗಳಿವೆ: ಮೇಲೆ 160ರ ಏರ್ ಜೆಟ್, ನಡುವೆ ಬಿಇ3 ಎಂಬ ತೂತುತೂತಿನ ನಳಿಗೆ, ಕೆಳಗೆ ಮೇನ್ ಜೆಟ್. 150 ಸಿಸಿಗೆ ಮೇನ್ 100ರ ಆಸುಪಾಸು, ಅಂದರೆ ಒಂದು ಮಿಲಿಮೀಟರ್ ತೂತು. ನಾನು 112ರಿಂದ ಶುರು ಮಾಡಿ ಎರಡೆರಡೇ ಇಳಿಸುತ್ತ ಬಂದೆ. ಪೆಟ್ರೋಲ್ ಜಾಸ್ತಿಯಾದರೆ ಗಾಡಿ ತೊದಲುತ್ತದೆ, ಅಷ್ಟೇ. ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ದೊಡ್ಡದರಿಂದ ಚಿಕ್ಕದಕ್ಕೆ ಬರಬೇಕೇ ಹೊರತು ಉಲ್ಟಾ ಹೋಗಬಾರದು.

ಭಾನುವಾರ ಬೆಳಗ್ಗೆ ಆರಕ್ಕೆ ಕುಣಿಗಲ್ ರಸ್ತೆ. ನಾಲ್ಕನೇ ಗೇರಿನಲ್ಲಿ ಪೂರ್ತಿ ರೇಸ್ ಕೊಟ್ಟು ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣ ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚುವುದು. 106ಕ್ಕೆ ಪ್ಲಗ್ ಹುರಿದ ಕಾಫಿಬೀಜದ ಬಣ್ಣಕ್ಕೆ ಬಂತು. ಸ್ಪೀಡು ಜಿಪಿಎಸ್‌ನಲ್ಲಿ 88, ಮೈಲೇಜು 36. ಊರೊಳಗೆ ಇದಕ್ಕಿಂತ ಸಲೀಸಾದ ಗಾಡಿ ಬೇಡ ಅನ್ನಿಸಿತ್ತು. ಮೇಲಿನ ರೇಸಿಗೆ ಹೋದಾಗ ಮಾತ್ರ ಸ್ಟ್ರಾನಲ್ಲಿ ಗಟ್ಟಿ ಲಸ್ಸಿ ಎಳೆದ ಹಾಗೆ ಉಸಿರು ಸಾಲದು. (ನಡುವೆ ಒಂದು ಅಂಗಡಿಯಲ್ಲಿ 108 ಎಂದು ಕೆತ್ತಿದ ಎರಡು ಜೆಟ್ ಕೊಂಡೆ. ಒಂದರಲ್ಲಿ ದಾಟುವ ಅಳತೆ ತಂತಿ ಇನ್ನೊಂದರಲ್ಲಿ ದಾಟಲಿಲ್ಲ. ಮೇಲಿನ ಅಂಕಿ ನಂಬಬೇಡಿ, ತೂತು ನೋಡಿ.)

ಈ 106ನ್ನೇ ಹಾಕಿಕೊಂಡು ಮಂಗಳೂರಿಗೆ ಹೊರಟದ್ದು ನನ್ನ ದಡ್ಡತನ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ. ಶಿರಾಡಿ ಇಳಿದರೆ ಗಾಳಿ ಸುಮಾರು ಶೇ. 9ರಷ್ಟು ದಟ್ಟವಾಗುತ್ತದೆ, ಜೆಟ್ಟಿನ ತೂತು ಮಾತ್ರ ಅಷ್ಟೇ ಇರುತ್ತದೆ. ಸಾಲದ್ದಕ್ಕೆ ಘಾಟಿಯುದ್ದಕ್ಕೂ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದಿದ್ದೆ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಅದು ನಿಂತರೆ ಇದೂ ನಿಂತಂತೆ. ಉಪ್ಪಿನಂಗಡಿ ದಾಟಿ ಸಪಾಟು ರಸ್ತೆಯಲ್ಲಿ ರೇಸ್ ಕೊಟ್ಟೆ, ಎಂಜಿನ್ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬಿಗಿಯಿತು. ಕ್ಲಚ್ ಮೇಲೆ ಎರಡು ಬೆರಳು ಇದ್ದದ್ದಕ್ಕೆ ಬಿದ್ದಿಲ್ಲ. ಅರ್ಧ ಗಂಟೆ ತಣಿಸಿ ಕಿಕ್ ಹೊಡೆದರೆ ಶುರುವಾಯಿತು. ಪಿಸ್ಟನ್ ಮೇಲೆ ಎರಡು ಗೀರು ಇವತ್ತಿಗೂ ಇವೆ.

ಆ ಸಿಟ್ಟಿನಲ್ಲೇ ಮಿಕುನಿ ಕೊಂಡದ್ದು.

ಟ್ಯೂನಿಂಗ್ ಕಲಿಯುವವರಿಗೆ ವಿಎಂನಷ್ಟು ಒಳ್ಳೆಯ ಮೇಷ್ಟ್ರಿಲ್ಲ. ರೇಸಿನ ಜೊತೆ ಏರಿಳಿಯುತ್ತ ಪೆಟ್ರೋಲ್ ಅಳೆಯುವ ಸೂಜಿ ಎಸ್‌ಐನಲ್ಲಿ ಇಲ್ಲವೇ ಇಲ್ಲ, ಇದರಲ್ಲಿ ಇದೆ. ಅರ್ಧ ರೇಸಿನಲ್ಲಿ ತೊದಲಿದರೆ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲೇರಿಸಿದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಮ್ಮಿಯಾಗುತ್ತದೆ, ಕೆಲಸ ಮುಗಿಯಿತು. ಒಂದು ಎಚ್ಚರ: ಎಸ್‌ಐನ ಹಿಂದಿನ ಸ್ಕ್ರೂ ಬಿಚ್ಚಿದರೆ ಪೆಟ್ರೋಲ್ ಜಾಸ್ತಿ, ವಿಎಂನ ಪಕ್ಕದ ಸ್ಕ್ರೂ ಬಿಚ್ಚಿದರೆ ಗಾಳಿ ಜಾಸ್ತಿ. ಹಳೆ ಕೈರೂಢಿಯಲ್ಲಿ ತಿರುಗಿಸಿ ನಾನು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡೆ. ಎರಡರ ಜೆಟ್ ನಂಬರಿಗೂ ಒಂದಕ್ಕೊಂದು ಸಂಬಂಧವಿಲ್ಲ.

ಓಟ? 97 ಮುಟ್ಟಿತು, ಮೂರರಲ್ಲಿ ಇದೇ ಮೇಲು. ಆದರೆ ಚಕ್ರದ ಬಾಗಿಲಿನ ಎಂಜಿನ್ ಕೆಳಗಿನ ರೇಸಿನಲ್ಲಿ ಎಳೆದ ಪೆಟ್ರೋಲಿನಲ್ಲಿ ಒಂದಿಷ್ಟನ್ನು ವಾಪಸ್ ಉಗುಳುತ್ತದೆ. ಎಸ್‌ಐ ಕೂರುವುದು ಮುಚ್ಚಿದ ಪೆಟ್ಟಿಗೆಯಲ್ಲಿ, ಉಗುಳಿದ್ದು ಅಲ್ಲೇ ಉಳಿಯುತ್ತದೆ. ಮಿಕುನಿಯದು ಬಯಲು ಸಂಸಾರ: ಸ್ಪಂಜಿನ ಫಿಲ್ಟರ್ ಸದಾ ಒದ್ದೆ, ಎಂಜಿನ್ ಕಡೆಯ ಮುಚ್ಚಳದೊಳಗೆಲ್ಲ ಎಣ್ಣೆ ಜಿಡ್ಡು. ಮಗಳ ಶಾಲೆ ಬ್ಯಾಗು ಪೆಟ್ರೋಲ್ ನಾರುತ್ತಿತ್ತು, ಮನೆಯಲ್ಲಿ ಆ ಬಗ್ಗೆ ನಡೆದ ಮಾತುಕತೆ ಇಲ್ಲಿ ಬೇಡ. ಮಳೆಗಾಲದಲ್ಲಿ ಎರಡು ಸಲ ಫಿಲ್ಟರಿಗೆ ನೀರು ಸೇರಿ ನಿಂತಿತು. ಮೈಲೇಜು 27.

ಹಾಗೆ 24/24ಕ್ಕೆ ಬಂದೆ. ಹಳೆ ಪೆಟ್ಟಿಗೆಯಲ್ಲೇ ಕೂರುತ್ತದೆ, ಪೆಟ್ಟಿಗೆಯ ತಳದ ತೂತು ಮತ್ತು ಎಂಜಿನ್ನಿನ ಬಾಯನ್ನು ಅದರ ಅಳತೆಗೆ ಅರದಿಂದ ಹಿಗ್ಗಿಸಬೇಕು, ಅಷ್ಟೇ. ಮೇನ್ 116 ಹಾಕಿದ ಮೊದಲ ದಿನವೇ ಮೇಲಿನ ರೇಸ್ ಚೆನ್ನಾಗಿತ್ತು. ಸಿಗ್ನಲ್‌ನಿಂದ ಹೊರಡುವಾಗ ಮಾತ್ರ ಗಪ್ಪನೆ ಉಸಿರು ಕಟ್ಟುತ್ತಿತ್ತು. ಮೂರು ವಾರ 114, 118, 120 ಎಂದು ಮೇನ್ ಜೆಟ್ ಬದಲಿಸುತ್ತ ಕೂತೆ, ಒಂದಿಷ್ಟೂ ವ್ಯತ್ಯಾಸವಿಲ್ಲ.

ಕೊನೆಗೆ ಹ್ಯಾಂಡಲ್ ಹಿಡಿಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಗೀಟು ಹಾಕಿದೆ. ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ ನೋಡಿದರೆ ನನ್ನ ಕೈ ಕಾಲು ಗೀಟು ದಾಟುವುದೇ ಅಪರೂಪ! ಆ ಕಾಲು ಭಾಗದ ಯಜಮಾನ ಸ್ಲೋ ಜೆಟ್. ನಾನು ಹಳೆಯ 48/160ನ್ನೇ ಇದಕ್ಕೂ ಹಾಕಿದ್ದೆ. ಮೊದಲ ಅಂಕಿ ಪೆಟ್ರೋಲಿನದು, ಎರಡನೆಯದು ಗಾಳಿಯದು. ಗಾಳಿಯನ್ನು ಪೆಟ್ರೋಲಿನಿಂದ ಭಾಗಿಸಿದರೆ 3.33. ದೊಡ್ಡ 200 ಸಿಸಿ ವೆಸ್ಪಾದ 55/160 ಹಾಕಿದರೆ 2.91, ಅಂದರೆ ಪೆಟ್ರೋಲ್ ಹೆಚ್ಚು. ಹಾಕಿದ ಮರುಕ್ಷಣ ಉಸಿರುಕಟ್ಟುವುದು ನಿಂತಿತು. ಸೂಜಿಯಿಲ್ಲದ ಕಾರ್ಬೊರೇಟರಿನಲ್ಲಿ ಊರೊಳಗಿನ ಓಟವೆಲ್ಲ ಈ ಸಣ್ಣ ತುಂಡಿನ ಕೈಲಿದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಉರಿಯಲು ಕಮ್ಮಿ ಗಾಳಿ ಸಾಕು, ಬರುವ ಗಾಳಿ ಮಾತ್ರ ಅಷ್ಟೇ, ಆದ್ದರಿಂದ ಅದೇ ಜೆಟ್ಟಿನಲ್ಲಿ ಗಾಡಿ ಹಸಿದಂತೆ ಓಡುತ್ತದೆ. ಹಳೆಯ ಟ್ಯೂನಿಂಗ್ ಅಂಕಿಗಳನ್ನೆಲ್ಲ ಒಂದೆರಡು ಮೆಟ್ಟಿಲು ಮೇಲಕ್ಕೆತ್ತಿ ಓದಿಕೊಳ್ಳಿ. ನನ್ನ 116 ಹಾಗೆಯೇ 118 ಆಯಿತು. ಸ್ಪೀಡು 94, ಮೈಲೇಜು 31.

ಕಿಟ್ ಹಾಕಿಸಿ ಆಫೀಸಿಗಷ್ಟೇ ಓಡಿಸುವವರು 24ಕ್ಕೆ ದುಡ್ಡು ಸುರಿಯಬೇಡಿ. 20/20, ಎಥನಾಲಿಗೆಂದು 106ಕ್ಕಿಂತ ಒಂದೆರಡು ಮೆಟ್ಟಿಲು ದೊಡ್ಡ ಮೇನ್, ಫಿಲ್ಟರಿನಲ್ಲಿ ಸ್ಲೋ ಜೆಟ್ಟಿನ ನೆತ್ತಿಗೆ 5 ಮಿ.ಮೀ. ಮತ್ತು ಮೇನ್ ಜೆಟ್ಟಿನ ನೆತ್ತಿಗೆ 8 ಮಿ.ಮೀ. ತೂತು, ಇಷ್ಟು ಸಾಕು. ಮಿಕುನಿ ರೀಡ್ ವಾಲ್ವ್ ಎಂಜಿನ್ ಇದ್ದವರಿಗೆ ಬಿಟ್ಟಿದ್ದು. ನನ್ನದನ್ನು ಯಮಹಾ ಆರ್‌ಎಕ್ಸ್ ಬೈಕ್ ಓಡಿಸುವ ಗೆಳೆಯನೊಬ್ಬ ಒಯ್ದ.

ನನ್ನ ಗಾಡಿಯಲ್ಲಿ ಈಗಿರುವುದು 24/24. ಡಿಕ್ಕಿಯ ಹಳೆ ನಶ್ಯದ ಡಬ್ಬಿಯಲ್ಲಿ 118, 120, 122 ಇವೆ. ಮಿಕುನಿಯಾದರೆ ಜೆಟ್ ಬದಲಿಸಲು ಇಡೀ ಕಾರ್ಬೊರೇಟರ್ ತಿರುವಿ ತಳ ಬಿಚ್ಚಬೇಕಿತ್ತು. ಎಸ್‌ಐಗೆ ಪೆಟ್ಟಿಗೆಯ ಮುಚ್ಚಳ, ಫಿಲ್ಟರು, ಒಂದು ಸ್ಕ್ರೂಡ್ರೈವರು. ಸಕಲೇಶಪುರದಲ್ಲಿ ಕಾಫಿ ಆರುವುದರೊಳಗೆ 122 ಕೂತಿರುತ್ತದೆ.