1969ರ ಕ್ಯಾಮರೋ ಕಾರಿಗೆ ಹೊಸ ಸೀಟು ಹೊದಿಕೆ

1969ರ ಶೆವ್ರೊಲೆ ಕ್ಯಾಮರೋ ಕಾರಿನ ಒಳಾಂಗಣಕ್ಕೆ ವಿಶೇಷ ಶೋಭೆ ತರುವುದು ಮೊನಚು ಅಂಚಿನ ಚೌಕುಳಿ ನಮೂನೆಯ ಹೌಂಡ್ಸ್‌ಟೂತ್ ಬಟ್ಟೆಯ ಸೀಟುಗಳು. ಮೂಲದ ಮಾದರಿಯಲ್ಲಿಯೇ ಹೊಸದಾಗಿ ತಯಾರಿಸಿ ಮಾರುವ ಈ ಹೊದಿಕೆಯ ಕಪ್ಪು-ಬಿಳಿ ನಮೂನೆಯು ಹೊಲಿಗೆಯ ಅಂಚಿನಲ್ಲಿ ಎಲ್ಲಿಯೂ ಓರೆಯಾಗದೆ ಕೂಡಿಕೊಂಡಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಹೊದಿಕೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ವಿನೈಲ್ ಮೆತ್ತಗಾದ ಮೇಲೆ ಫೋಮಿನ ಮೇಲೆ ಎಳೆದು, ಒಳಗಿನ ತಂತಿಯನ್ನು ಇಕ್ಕಳದಿಂದ ಮಡಿಸಿ ಮುಚ್ಚುವ ಚಿಕ್ಕ ಲೋಹದ ಉಂಗುರಗಳಾದ ಹಾಗ್ ರಿಂಗ್‌ಗಳಿಂದ ನಡುವಿನಿಂದ ಅಂಚಿನತ್ತ ಬಿಗಿಯುತ್ತ ಹೋದರೆ ಸುಕ್ಕು ಉಳಿಯುವುದಿಲ್ಲ. ಹಳೆಯ ಫೋಮನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಬೇಡಿ. ಅದು ಕುಗ್ಗಿದ್ದರೆ ಎಂಥ ಉತ್ತಮ ಹೊದಿಕೆಯೂ ಜೋಲುತ್ತದೆ.

ಜೊತೆಗೆ ತರಿಸಿದ ಬಾಗಿಲಿನ ಪ್ಯಾನೆಲ್‌ಗಳು ಅಷ್ಟು ತೃಪ್ತಿ ಕೊಡಲಿಲ್ಲ, ಏಕೆಂದರೆ ಕ್ಲಿಪ್ಪುಗಳ ತೂತುಗಳು ಬಾಗಿಲಿನ ತೂತುಗಳಿಗೆ ಹೊಂದಲಿಲ್ಲ. ಗಾಜಿನ ಸುತ್ತಲಿನ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನಂತೂ ಹೊಸದಾಗಿ ಕೊಳ್ಳುವುದಕ್ಕಿಂತ, ತಗ್ಗುಗಳನ್ನು ಒಳಗಿನಿಂದ ತಟ್ಟಿ ಸರಿಪಡಿಸಿ, ಮೂಲದವನ್ನೇ ಪಾಲಿಶ್ ಮಾಡಿಸುವುದು ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ.