ಹತ್ತನೇ ಕ್ಲಾಸಿಗೆ ಎಐ ಚಾಟ್‌ಬಾಟ್ ಮೇಷ್ಟ್ರು: ಎಂಟು ತಿಂಗಳು ಬಳಸಿದ ಮೇಲೆ

ತೀರ್ಥಹಳ್ಳಿಯಿಂದ ಸಾಕಷ್ಟು ಒಳಗಿರುವ ಊರು ನಮ್ಮದು. ಪೇಟೆಯಲ್ಲಿ ಟ್ಯೂಷನ್ ಬಿಡುವ ಹೊತ್ತಿಗೆ ನಮ್ಮ ಕಡೆಯ ಕೊನೆಯ ಬಸ್ಸು ಹೋಗಿರುತ್ತದೆ. ಹಾಗಾಗಿ ಮಗಳು ಜೂನ್‌ನಿಂದ ಗಣಿತ, ವಿಜ್ಞಾನಕ್ಕೆ ಚಾಟ್‌ಬಾಟ್ ಬಳಸುತ್ತಿದ್ದಾಳೆ. ಕನ್ನಡ ಮಾಧ್ಯಮ, ಈ ವರ್ಷ ಎಸ್‌ಎಸ್‌ಎಲ್‌ಸಿ.

ಮೊದಲ ತಿಂಗಳು ಪೂರ್ತಿ ದಂಡ. ಲೆಕ್ಕದ ಫೋಟೋ ಹಾಕಿದರೆ ಇಡೀ ಉತ್ತರ ಬರುತ್ತಿತ್ತು, ಇವಳು ಬರೆದುಕೊಳ್ಳುತ್ತಿದ್ದಳು. ಪರೀಕ್ಷೆಯಲ್ಲಿ ಅದೇ ಥರದ ಲೆಕ್ಕ ಬಂದಾಗ ಕೈ ಓಡಲಿಲ್ಲ. ಆಮೇಲೆ ಕ್ರಮ ಬದಲಿಸಿದೆವು. ಮೊದಲು ತಾನೇ ಬಿಡಿಸಬೇಕು. ಆ ಪುಟದ ಫೋಟೋ ಹಾಕಿ "ಉತ್ತರ ಹೇಳಬೇಡ, ತಪ್ಪಿದ ಕಡೆ ಒಂದು ಪ್ರಶ್ನೆ ಮಾತ್ರ ಕೇಳು" ಅನ್ನಬೇಕು. 2x² − 7x + 3 = 0 ಬಿಡಿಸುವಾಗ 2x(x − 3) − 1(x + 3) ಅಂತ ಬರೆದಿದ್ದಳು. "ಎರಡನೇ ಆವರಣ ಬಿಡಿಸಿ ನೋಡು, +3 ವಾಪಸ್ ಬರುತ್ತಾ?" ಅಂತ ಕೇಳಿತು. ತಾನೇ ತಿದ್ದಿಕೊಂಡಳು, 3 ಮತ್ತು 1/2 ಬಂತು. ರಾತ್ರಿ ಒಂಬತ್ತಕ್ಕೆ, ಒಂದೇ ತಪ್ಪನ್ನು ನಾಲ್ಕು ಸಲ ಮಾಡಿದರೂ ಬೇಸರಿಸದೆ ಹೀಗೆ ಹೇಳಿಕೊಡುವವರು ನಮಗೆ ಬೇರೆ ಯಾರೂ ಸಿಗುತ್ತಿರಲಿಲ್ಲ.

ಬೆಳಕಿನ ಪಾಠದಲ್ಲಿ ಮಾತ್ರ ಎರಡು ದಿನ ಗೋಳಾಡಿದೆವು. ನಿಮ್ನ ದರ್ಪಣ (ಒಳಬಾಗಿದ ಕನ್ನಡಿ), ಸಂಗಮ ದೂರ (ಫೋಕಲ್ ಲೆಂತ್) 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿ. ಪ್ರತಿಬಿಂಬದ ದೂರ ಇವಳಿಗೆ +30 ಬಂತು, ಚಾಟ್‌ಬಾಟ್‌ಗೆ −30. ತಾನೇ ದಡ್ಡಿ ಅಂದುಕೊಂಡು ಅತ್ತೇಬಿಟ್ಟಳು. ಶಾಲೆಯ ಮೇಷ್ಟ್ರು ನೋಡಿ ಎರಡೂ ಒಂದೇ ಅಂದರು: ಪ್ರತಿಬಿಂಬ ಕನ್ನಡಿಯ ಹಿಂದೆ 30 ಸೆಂ.ಮೀ. ದೂರದಲ್ಲಿದೆ, ಚಿಹ್ನೆಯ ಪದ್ಧತಿ ಮಾತ್ರ ಬೇರೆ. ನಮ್ಮ ಪುಸ್ತಕದ ಕಾರ್ಟೀಸಿಯನ್ ಕ್ರಮದಲ್ಲಿ ನಿಮ್ನ ದರ್ಪಣದ ಸಂಗಮ ದೂರ ಋಣ. ಚಾಟ್‌ಬಾಟ್ ಅದನ್ನು ಧನ ಅಂತ ಹಿಡಿದಿತ್ತು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಗುತ್ತದೆ. ಈಗ ಪಾಠದ ಆ ಪುಟದ ಫೋಟೋವನ್ನೇ ಮೊದಲು ಹಾಕಿ ಶುರು ಮಾಡುತ್ತಾಳೆ. ಪಾರಿಭಾಷಿಕ ಪದಗಳಿಗೂ ಇದೇ ದಾರಿ, ಇಲ್ಲದಿದ್ದರೆ ಪುಸ್ತಕದಲ್ಲಿಲ್ಲದ ಕನ್ನಡ ಬರುತ್ತದೆ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಜುಲೈನಲ್ಲಿ ವಾರಗಟ್ಟಲೆ ಬಳಸಲೇ ಆಗಲಿಲ್ಲ.

ದುಡ್ಡು ಕೊಟ್ಟಿಲ್ಲ, ಉಚಿತದ್ದೇ ಸಾಕಾಗಿದೆ. ಕಿರಣ ಚಿತ್ರಗಳಿಗೆ ಮಾತ್ರ ಇದನ್ನು ನಂಬಬೇಡಿ, ಗೆರೆಗಳು ಎಲ್ಲೆಲ್ಲೋ ಹೋಗುತ್ತವೆ. ಅವನ್ನು ಇವಳು ಈಗಲೂ ಮೇಷ್ಟ್ರ ಹತ್ತಿರವೇ ಸ್ಕೇಲು ಹಿಡಿದು ಕಲಿಯುತ್ತಿದ್ದಾಳೆ.