ಹೊಶೂಕೋ ಬಿಟ್ಟು ಜಪಾನ್‌ಟೌನ್ ಕ್ಲಾಸಿಗೆ ಬಂದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಮಗುವಿಗೆ ಜಪಾನೀಸ್ ಕಲಿಸಲು ನನ್ನ ಓಟು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಜಪಾನಿ ಮೂಲದವರ ಹಳೆಯ ಬಡಾವಣೆಯಾದ ಜಪಾನ್‌ಟೌನಿನ ಪುಟ್ಟ ಕ್ಲಾಸಿಗೆ. ಆದರೆ ಮಗಳನ್ನು ಮೊದಲು ಸೇರಿಸಿದ್ದು ಹೊಶೂಕೋಗೆ, ಅಂದರೆ ಶನಿವಾರ ನಡೆಯುವ ಜಪಾನೀಸ್ ಶಾಲೆಗೆ. ಒಂದು ವರ್ಷದ ಫೀಸು ಅಲ್ಲೇ ಕರಗಿತು.

ನಾನು ತುಮಕೂರಿನವಳು. ಗಂಡ ಯೊನ್ಸೇ, ಅಂದರೆ ಅಮೆರಿಕಕ್ಕೆ ಬಂದ ಜಪಾನಿಯರ ನಾಲ್ಕನೇ ತಲೆಮಾರು. ಅವನಿಗೆ ಜಪಾನೀಸ್ ಬರುವುದಿಲ್ಲ. 1942ರಲ್ಲಿ ಅವನ ಅಜ್ಜಿಗೆ ಎಂಟು ವರ್ಷ. ಜಪಾನ್ ಜೊತೆ ಯುದ್ಧ ಅಂತ ಅಮೆರಿಕ ಸರ್ಕಾರ ಇಡೀ ಮನೆಯವರನ್ನು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರದಲ್ಲಿ ಕೂಡಿಹಾಕಿತು. ಹೊರಗೆ ಬಂದ ಮೇಲೆ ಅಜ್ಜಿ ಇಂಗ್ಲಿಷಿಗೇ ಅಂಟಿಕೊಂಡರು, ಮುಂದೆ ಮಕ್ಕಳ ಜೊತೆಗೂ ಅಷ್ಟೇ.

ಹೊಶೂಕೋ ಇರುವುದು ಮುಖ್ಯವಾಗಿ ಜಪಾನಿಗೆ ವಾಪಸ್ ಹೋಗುವ ಮಕ್ಕಳಿಗೆ. ಅಲ್ಲಿನದೇ ಪಠ್ಯ, ಒಂದನೇ ಕ್ಲಾಸಿಗೇ 80 ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ಅದನ್ನಾದರೂ ಸಹಿಸಬಹುದಿತ್ತು. ನಮ್ಮನ್ನು ಸೋಲಿಸಿದ್ದು ಒಂದೊಕು ಕಾರ್ಡು.

ದಿನಾ ಮಗು ಪಾಠ ಜೋರಾಗಿ ಓದಬೇಕು, ಮನೆಯ ದೊಡ್ಡವರು ಕೇಳಿಸಿಕೊಂಡು ಕಾರ್ಡಿನಲ್ಲಿ ಗುರುತು ಹಾಕಬೇಕು. ದನಿ ಸರಿಯಿತ್ತಾ, ತಪ್ಪಿಲ್ಲದೆ ಓದಿದಳಾ, ಹೀಗೆ ಒಂದೊಂದಕ್ಕೂ ಒಂದು ಚೌಕ. ಕೇಳುವ ನಮ್ಮಿಬ್ಬರಿಗೂ ಒಂದಕ್ಷರ ಗೊತ್ತಿಲ್ಲ! ಸುಮ್ನೆ ಎಲ್ಲದಕ್ಕೂ ವೃತ್ತ ಸುತ್ತಿದೆ, ಅಂದರೆ 'ಚೆನ್ನಾಗಿದೆ' ಅಂತ. ಮೂರನೇ ವಾರ ಟೀಚರ್ ಚೀಟಿ ಬಂತು, ಅದೂ ಜಪಾನೀಸಿನಲ್ಲೇ. ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ, ಮಗಳು 'ವತಾಶಿ ವ' ಅನ್ನಬೇಕಾದ ಕಡೆಯೆಲ್ಲ 'ವತಾಶಿ ಹ' ಅಂತ ಓದುತ್ತಿದ್ದಾಳಂತೆ. ಬರೆಯುವುದು 'ಹ', ಆ ಜಾಗದಲ್ಲಿ ಓದುವುದು 'ವ'. ಮೂರು ವಾರ ಅದಕ್ಕೆ ಭೇಷ್ ಅಂದವಳು ನಾನು. ಆಮೇಲೆ ಕಾರ್ಡು ತೆಗೆದರೆ ಸಾಕು, ಮಗಳಿಗೆ ಹೊಟ್ಟೆನೋವು ಶುರು.

ಆನ್‌ಲೈನ್ ಟೀಚರನ್ನೂ ಆರು ವಾರ ನೋಡಿದೆವು. ಅಗ್ಗ. ಮಗಳು ಕ್ಯಾಮೆರಾ ಆಫ್ ಮಾಡಿ ಬೆಕ್ಕಿನ ಜೊತೆ ಆಡುತ್ತಿದ್ದಳು.

ಜಪಾನ್‌ಟೌನ್ ಕ್ಲಾಸಿನಲ್ಲಿ ನಮ್ಮಂಥ ಮನೆಗಳೇ ಜಾಸ್ತಿ. ಹೋಮ್‌ವರ್ಕ್ ಸೂಚನೆ ಇಂಗ್ಲಿಷಿನಲ್ಲೂ ಇರುತ್ತದೆ. ಅಲ್ಲಿ ಮಕ್ಕಳು 'ಅ ಇ ಉ ಎ ಒ, ಕ ಕಿ ಕು ಕೆ ಕೊ' ಅಂತ ರಾಗ ಎಳೆದಾಗ ನನಗೆ ನಗು ಬಂತು. ನಮ್ಮ ಕಾಗುಣಿತವೇ ಅಲ್ವಾ! ಆ ಕ್ರಮ ಜಪಾನಿಗೆ ಹೋಗಿದ್ದು ನಮ್ಮ ಕಡೆಯ ವರ್ಣಮಾಲೆಯಿಂದಲೇ, ಬೌದ್ಧರ ಸಂಸ್ಕೃತ ಓದಿನ ಜೊತೆ. ಈಗ ಮಗಳಿಗೆ ನಾನೂ ಹೇಳಿಕೊಡಬಲ್ಲೆ.

ಒಂದು ವಾರ ಮನೆತನದ ಹೆಸರನ್ನು ಕಾಂಜಿಯಲ್ಲಿ ಬರೆದು ತನ್ನಿ ಅಂದರು. ಗಂಡನಿಗೂ ಅತ್ತೆಗೂ ಗೊತ್ತಿಲ್ಲ. ತೊಂಬತ್ತು ದಾಟಿದ ಅಜ್ಜಿ ಕರೆಂಟ್ ಬಿಲ್ಲಿನ ಕವರ್ ತಿರುಗಿಸಿ, ನಡುಗುವ ಕೈಯಲ್ಲಿ ಎರಡು ಅಕ್ಷರ ಬರೆದರು. ಎರಡನೆಯದರಲ್ಲಿ ಒಂದು ಗೆರೆ ಮರೆತು, ಆಮೇಲೆ ಸೇರಿಸಿದರು.

ಕಲಿಕೆ ನಿಧಾನ, ಅದು ನಿಜ. ವರ್ಷಕ್ಕೆ ಇಪ್ಪತ್ತು ಕಾಂಜಿ ಬಂದರೆ ಹೆಚ್ಚು. ಮುಂದೆ ಜಪಾನಿನಲ್ಲೇ ಓದಿಸುವವರು ಹೊಶೂಕೋಗೇ ಹೋಗಿ. ನಮಗೆ ಫೀಸು ಅರ್ಧಕ್ಕಿಂತ ಕಡಿಮೆ, ಶನಿವಾರ ಮಧ್ಯಾಹ್ನ ಕನ್ನಡ ಕ್ಲಾಸಿಗೂ ಬಿಡುವು ಸಿಗುತ್ತದೆ. ಉಳಿದ ಒಂದೊಕು ಕಾರ್ಡುಗಳ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆಯುತ್ತಿದ್ದೇನೆ.